ಉಳಿದ ಬಿಳಿ ಬಣ್ಣ

ಮಂಚವನ್ನು ಅಕ್ಕನ ಸಮೇತ ಗೋಡೆಯಿಂದ ಈಚೆಗೆ ಎಳೆಯುವಷ್ಟರಲ್ಲಿ ಚುಕ್ಕಿಗೆ ಏದುಸಿರು ಬಂತು. ಬಣ್ಣ ಬಳಿಯುವ ಕಸುಬಿನವನ ಮುಖದ ಮೇಲೆ ಎಷ್ಟು ತೊಳೆದರೂ ಒಂದೆರಡು ಹನಿ ಉಳಿದೇ ಇರುತ್ತಿದ್ದುದರಿಂದ ಅಕ್ಕನೇ ತಮ್ಮನಿಗೆ ಇಟ್ಟ ಹೆಸರು ಅದು.

"ಒಂದು ನಿಮಿಷ ಕೆಳಗಿಳಿದ್ರೆ ಏನು ಗಂಟು ಹೋಗುತ್ತೆ ನಿಂಗೆ?"

"ಎಳೀತಿದೀಯಲ್ಲ, ಎಳಿ," ಎಂದಳು ಅಕ್ಕ ಕಂಬಳಿಯೊಳಗಿಂದ.

ಪ್ರತಿ ಚಳಿಗಾಲವೂ ಹೀಗೇ. ಹಗಲು ಗಿಡ್ಡವಾಗುತ್ತ ಬಂದ ಹಾಗೆ ಅವಳು ಮೊದಲು ಹೊಲಿಗೆ ಬಿಡುತ್ತಿದ್ದಳು, ಆಮೇಲೆ ಮಾತು, ಆಮೇಲೆ ಊಟ. ಹೋದ ವರ್ಷ ಆಸ್ಪತ್ರೆಗೇ ಸೇರಿಸಿ ಎರಡು ತಿಂಗಳು ಇಡಬೇಕಾಯಿತು. ಈ ಸಲ ಅದೊಂದು ಆಗಕೂಡದೆಂದು ಚುಕ್ಕಿ ಹಠ ತೊಟ್ಟಿದ್ದ. ಬೆಳಿಗ್ಗೆ ಅರ್ಧ ಗಂಟೆ ಬೆಳಕಿನಲ್ಲಿ ಓಡಾಡಿಸಿ ಎಂದಿದ್ದರು ಡಾಕ್ಟರು. ಅವರಿಗೇನು, ಹೇಳಿದರಾಯಿತು. ಹೊಸ್ತಿಲವರೆಗೆ ಕರೆತರುವಷ್ಟರಲ್ಲೇ ಇವನಿಗೆ ಸಾಕುಸಾಕಾಗುತ್ತಿತ್ತು. ಚಪ್ಪಲಿ ಹಾಕಿಸಿದರೆ ಆ ಚಪ್ಪಲಿಯನ್ನೇ ನೋಡುತ್ತ ಕೂತುಬಿಡುತ್ತಿದ್ದಳು. ಮನೆಯೋ ನೆಲಮಹಡಿಯದು. ಅವಳ ಕಿಟಕಿಗೆ ಎದುರಾಗಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಗೋದಾಮಿನ ಎತ್ತರದ ಗೋಡೆ. ಮೇಲಿನಿಂದ ಸೋರಿ ಬಂದಷ್ಟೇ ಬೆಳಕು.

ಬಣ್ಣದವನಿಗೆ ಹೊಳೆದದ್ದು ಬಣ್ಣದ ಉಪಾಯ. ಬಂದ ನಾಕು ಕಾಸಿನ ಬೆಳಕನ್ನೂ ಈ ಹಸಿರು ಗೋಡೆಗಳು ನುಂಗಿಹಾಕುತ್ತಿವೆ, ಇವು ಬೆಳ್ಳಗಾಗಲಿ ಎಂದುಕೊಂಡ. ಹಳೆ ಕೆಲಸವೊಂದರಲ್ಲಿ ಉಳಿದಿದ್ದ ಎರಡು ಡಬ್ಬ ಹೊಳಪಿನ ಬಿಳಿ ಮನೆಯಲ್ಲೇ ಇತ್ತು. ಪರದೆ ಕಿತ್ತ, ಗಾಜು ಉಜ್ಜಿದ, ಎರಡು ಕೈ ಬಣ್ಣ ಬಳಿದ. ವಾಸನೆಗೆ ತಲೆ ಸಿಡಿಯುತ್ತಿದ್ದರೂ ಅಕ್ಕ ಕಂಬಳಿ ಬಿಟ್ಟು ಏಳಲಿಲ್ಲ.

ಮಾರನೆಯ ಮಧ್ಯಾಹ್ನ ಕೋಣೆ ನಿಜವಾಗಿಯೂ ಬೆಳಗಿತು. ಮುಚ್ಚಿಟ್ಟ ಹೊಲಿಗೆ ಯಂತ್ರದ ಮೇಲಿನ ಧೂಳು ಕೂಡ ಕಾಣುತ್ತಿತ್ತು. ಚುಕ್ಕಿಗೆ ಹಿಗ್ಗೋ ಹಿಗ್ಗು.

"ನೋಡಕ್ಕ, ದೀಪ ಹಾಕ್ದೆ ಸೂಜಿಗೆ ದಾರ ಪೋಣಿಸ್ಬಹುದು."

ಅಕ್ಕ ಕಂಬಳಿ ಸರಿಸಿ ಮುಖ ಹೊರಗೆ ಹಾಕಿದಳು. ಒಂದೊಂದೇ ಗೋಡೆಯನ್ನು ನೋಡಿದಳು, ಚಾವಣಿ ನೋಡಿದಳು. ಅವಳು ಏನನ್ನಾದರೂ ಇಷ್ಟು ಹೊತ್ತು ನೋಡಿ ಎಷ್ಟು ದಿನವಾಗಿತ್ತೋ.

"ಇದು ಆಸ್ಪತ್ರೇಲಿ ನಾನಿದ್ದ ವಾರ್ಡಿನ ಬಣ್ಣ ಅಲ್ವಾ?"

ಚುಕ್ಕಿ ಗೋಡೆಯತ್ತ ತಿರುಗಿದ. ಹೌದು, ಅದೇ. ಅವಳು ಸೇರುವ ಮೊದಲಿನ ವರ್ಷ ಆ ವಾರ್ಡಿಗೆ ಬಣ್ಣ ಬಳಿದವನು ಅವನೇ, ಈ ಡಬ್ಬಗಳು ಅಲ್ಲಿಯವೇ. ಎರಡು ತಿಂಗಳು ದಿನಾ ಸಂಜೆ ಅವಳ ಪಕ್ಕದಲ್ಲಿ ಕೂತಾಗಲೆಲ್ಲ, ಒಂದು ಚೂರೂ ಹಳದಿ ತಿರುಗಿಲ್ಲವಲ್ಲ ಎಂದು ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡಿದ್ದ. ಇಡೀ ದಿನ ಅದನ್ನೇ ನೋಡುತ್ತ ಮಲಗಿರುವವಳು ಅಕ್ಕ ಎಂಬುದು ಒಂದು ದಿನವೂ ಅವನ ತಲೆಗೆ ಹೋಗಿರಲಿಲ್ಲ.

"ಬೇರೆ ಹಚ್ತೀನಕ್ಕ, ನಾಳೇನೇ. ನೀನು ಹೇಳಿದ ಬಣ್ಣ ಹಚ್ತೀನಿ."

"ಬಿಡು. ಚೆನ್ನಾಗೇ ಹಚ್ಚಿದೀಯ."

ಕಂಬಳಿಯನ್ನು ಎದೆಯವರೆಗೆ ನೀಟಾಗಿ ಎಳೆದುಕೊಂಡು, ಎರಡು ಕೈಯನ್ನೂ ಅದರ ಮೇಲೆ ಉದ್ದಕ್ಕೆ ಇಟ್ಟುಕೊಂಡಳು. ಹೊರಗೆ ಗೋದಾಮಿನ ಗೋಡೆ ಆಗಲೇ ಮಸುಕಾಗುತ್ತಿತ್ತು. ಅದು ಪೂರ್ತಿ ಕಾಣದಾದ ಮೇಲೆ ಅವಳೇ ಮಾತಾಡಿದಳು, ಮೊದಲಿನ ಅಕ್ಕರೆಯಿಂದ.

"ಕತ್ತಲಾಯ್ತು ಕಣೋ ಚುಕ್ಕಿ. ಇನ್ನು ನರ್ಸಮ್ಮ ಬಂದು ನಿನ್ನನ್ನ ಎಬ್ಬಿಸ್ತಾರೆ. ನೀನು ಮನೆಗೆ ಹೊರಡು."

ಚುಕ್ಕಿ ಡಬ್ಬ, ಬ್ರಷ್ಷು ಎತ್ತಿಕೊಂಡು ಹೊರಗೆ ಬಂದ. ಬಾಗಿಲನ್ನು ಸದ್ದಾಗದಂತೆ ಎಳೆದು ಮನೆಯ ಮೆಟ್ಟಿಲ ಮೇಲೆ ಕೂತ. ನಿನ್ನೆ ತೊಳೆಯದೆ ಬಿಟ್ಟಿದ್ದ ಬ್ರಷ್ಷು ಕೈಯಲ್ಲಿ ಗಟ್ಟಿಯಾಗಿತ್ತು.