ಐದು ತಾಲೂಕಿನ ಮೇಜು

"ಗರಗಸ ತಗೀ ಅಂದೇನಿ! ಈ ಮೇಜು ಮಾಡಿದ ಕೈ ಇದು. ಇದರ ಮ್ಯಾಲೆ ಸರ್ಕಸ್ಸಿನ ಆನಿ ನಿಲ್ಲಿಸಿ ನೋಡೇನಿ, ಮಿಸುಕಲಿಲ್ಲ. ಮಡಚಿದ್ರ ಅಂಗಿ ಕಿಸೆದಾಗ ಇಟಗೊಂಡು ಕೊಲ್ಲಾಪುರಕ್ಕ ಹೋಗಿ ಬರಬಹುದು!"

ಹೀಗೆಂದು ಮನೆಯ ಯಜಮಾನನ ಹಳೆಯ ಗೆಳೆಯ ಕಾಕಾಸಾಹೇಬ ಕೂತಲ್ಲಿಂದಲೇ ಬಡಗಿ ಹಾಜಿಮಲಂಗ ಮಿಸ್ತ್ರಿಯ ಮಣಿಕಟ್ಟು ಹಿಡಿದ. ಗರಗಸ ಮೇಜಿನ ಅಂಚಿಗೆ ತಾಗಿ ಕಿರ್ರೆಂದು ನಿಂತಿತು. ಒಳಮನೆಯಲ್ಲಿ ಅಳುತ್ತಿದ್ದ ಹೆಂಗಸರು ಆ ಸದ್ದಿಗೆ ಪಡಸಾಲೆಯ ಕಡೆ ಕತ್ತು ಹೊರಳಿಸಿದರು.

"ಆನಿ ಯಾವ ಬಾಗಲದಾಗಿಂದ ಒಳಗ ಬಂತು ಕಾಕಾ?" ಮಿಸ್ತ್ರಿ ತಣ್ಣಗೆ ಕೇಳಿದ. "ಭೂಪಾಲಣ್ಣನ್ನ ಹೊತ್ತು ಹೋಗಾಕ ನಾಲ್ಕು ಮಂದಿಗೆ ಹಾದಿ ಆಗವಲ್ಲದು."

ಸಂಗತಿ ಅಷ್ಟೇ. ಭೂಪಾಲ ಮಗದುಮ್ಮ ಬೆಳಿಗ್ಗೆ ಎಂದಿನಂತೆ ಮೇಜು ಬಿಚ್ಚಿ, ಕನ್ನಡಕ ಒರೆಸಿಟ್ಟು, ನೀರು ಕುಡಿಯಲೆಂದು ಒಳಗೆ ಹೋದವನು ತಂಬಿಗೆ ಹಿಡಿದುಕೊಂಡೇ ಕುಸಿದಿದ್ದ. ಈಗ ಒಳಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಬೆಂಕಿ ಕೊಡಬೇಕು, ತಪ್ಪಿದರೆ ಬೆಳಗಿನವರೆಗೂ ಇಟ್ಟುಕೊಂಡು ಕೂರಬೇಕು. ಇಚಲಕರಂಜಿಯಿಂದ ಮಗಳು ಮೇಘಾ ಬರುವ ಹಾದಿಯೊಂದನ್ನೇ ಕಾಯುತ್ತಿದ್ದರು. ಆದರೆ ಒಳಮನೆಗೂ ಬೀದಿಬಾಗಿಲಿಗೂ ನಡುವೆ, ಪಡಸಾಲೆಗೆ ಅಡ್ಡಲಾಗಿ, ಆ ಮೇಜು ಕಾಲು ಊರಿಕೊಂಡು ನಿಂತಿತ್ತು. ಒಬ್ಬೊಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾಟಬಹುದು, ಚಟ್ಟ ದಾಟದು.

ನಿಪ್ಪಾಣಿಯ ಆ ಓಣಿಯೇ ಹಾಗೆ. ಎರಡು ಬೆಕ್ಕು ಎದುರಾದರೆ ಒಂದು ಯಾರದಾದರೂ ಮನೆಗೆ ಹೋಗಿ ಚಹಾ ಕುಡಿದು ಬರಬೇಕು, ಅಷ್ಟು ಇಕ್ಕಟ್ಟು. ಅದರೊಳಗಿನ ಮನೆಗಳಲ್ಲೆಲ್ಲ ಸಣ್ಣದು ಭೂಪಾಲನ ಮನೆ. ಆ ಮನೆಯ ಮಾಳಿಗೆ ಮೆಟ್ಟಿಲ ಕೆಳಗೆ ಅವನ ಆಫೀಸು: ವಧು-ವರ ಸೂಚಕ ಕೇಂದ್ರ.

"ಮೇಜಿನ ಮ್ಯಾಲಿಂದ ಎತ್ತಿ ದಾಟಸೂಣೇನು?" ಎಂದ ಭೂಪಾಲನ ತಮ್ಮನ ಮಗ ಜಿನೇಂದ್ರ. ಅಲಖನೂರಿನಿಂದ ಬೈಕು ಹತ್ತಿ ಬಂದಿದ್ದ. ಬಂದಾಗಿನಿಂದ ಹತ್ತು ಸಲ ಆಕಾಶ ನೋಡಿದ್ದ.

"ಅವನೇನು ತಂಬಾಕಿನ ಚೀಲೇನಲೇ, ಎತ್ತಿ ಒಗೀಲಿಕ್ಕೆ?" ಕಾಕಾಸಾಹೇಬ ಸಿಡಿದ. "ಮಡಚೂ ಮೇಜು ಇದು. ಮಡಚತೈತಿ. ತಡೀರಿ."

"ಮುಂಜಾನಿಂದ ತಡದೇವಿ. ಮಡಚರಿ ಮತ್ತ."

"ಇದಕ್ಕ ಒಂದು ಗುಟ್ಟೈತಿ. ನಾ ಇಟ್ಟದ್ದು."

"ಅದss ಗುಟ್ಟು ಹೇಳ್ರಿ."

ಕಾಕಾಸಾಹೇಬ ತಪಕೀರಿನ ಡಬ್ಬಿ ತೆಗೆದು ಒಂದು ಚಿವುಟು ಮೂಗಿಗೆ ಏರಿಸಿದ. ಸೀನು ಬರಲಿಲ್ಲ. ಗುಟ್ಟೂ ಬರಲಿಲ್ಲ. ಅವನ ಎಡಗೈ ಮೇಜಿನ ಕೆಳಗೆ ಯಾರಿಗೂ ಕಾಣದಂತೆ ಬೆಳಗಿನಿಂದ ಹುಡುಕುತ್ತಿತ್ತು: ಮೊಳೆ ಸಿಕ್ಕಿತು, ಜೇಡನ ಬಲೆ ಸಿಕ್ಕಿತು, ಗುಟ್ಟು ಸಿಗಲಿಲ್ಲ.

ಜಿನೇಂದ್ರನೂ ಮಿಸ್ತ್ರಿಯೂ ಒಂದೊಂದು ಮೂಲೆ ಹಿಡಿದು ಮೇಲೆತ್ತಿದರು. ಮೇಜು ಗಡಗಡ ಎಂದಿತೇ ಹೊರತು ಏಳಲಿಲ್ಲ.

"ದೊಡ್ಡವ್ವನ್ನ ಕೇಳೂಣು," ಎಂದ ಜಿನೇಂದ್ರ.

"ಗಂಡನ ಮಗ್ಗಲಕ ಕುಂತ ಹೆಣ್ಣುಮಗಳಿಗೆ ಹೋಗಿ ಮೇಜಿನ ಬಿಜಾಗರಿ ಕೀಲು ಎಲ್ಲೈತಿ ಅಂತ ಕೇಳತಿ? ನಾಚಿಕಿ ಇಲ್ಲೇನು? ಮಾಡಿದಾಂವ ನಾ ಇಲ್ಲೆ ಕುಂತೇನಿ!"

ಕೂತಿದ್ದನೇನೋ ನಿಜ. ಮೇಜಿನ ಎರಡು ಕಾಲುಗಳ ನಡುವಿನ ಸಣ್ಣ ಹಲಗೆಯ ಮೇಲೆ, ಇಪ್ಪತ್ತು ವರ್ಷ ಕೂತ ಜಾಗದಲ್ಲಿಯೇ, ಧೋತರ ಹರಡಿಕೊಂಡು. ಎದ್ದರೆ ಕೊಯ್ದುಬಿಡುತ್ತಾರೆಂದು ಬೆಳಗಿನಿಂದ ಎದ್ದಿರಲಿಲ್ಲ. ಬಾಗಿಲಿನಿಂದ ಬಂದ ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಸರಿಯುತ್ತಿತ್ತು, ಅದನ್ನೇ ನೋಡುತ್ತಿದ್ದ.

*

ಮಾರುಕಟ್ಟೆಯಲ್ಲಿದ್ದ ಬಾಡಿಗೆ ಅಂಗಡಿಯನ್ನು ಮಾಲೀಕ ಬಿಡಿಸಿಕೊಂಡಾಗ ಭೂಪಾಲ ತನ್ನ ವಧು-ವರರನ್ನೆಲ್ಲ ಒಂದು ಕೈಗಾಡಿಯಲ್ಲಿ ಹೇರಿಕೊಂಡು ಮನೆಗೆ ಬಂದಿದ್ದ. ಹೆಂಡತಿ ಕಮಲಾಬಾಯಿ ಬಾಗಿಲಲ್ಲೇ ತಡೆದಿದ್ದಳು.

"ಈ ಮನ್ಯಾಗ ಒಂದು ಮೇಜು ಇರಬೇಕು, ಇಲ್ಲಾ ನಾ ಇರಬೇಕು."

"ಇಬ್ಬರೂ ಇರ್ರಿ," ಎಂದಿದ್ದ ಭೂಪಾಲ.

ಆಮೇಲಿನ ರವಿವಾರಗಳಲ್ಲಿ ಹಳೆಯ ಬಾಗಿಲೊಂದನ್ನು ತಂದು ಉಜ್ಜಿ, ಕೊಯ್ದು, ಮೆಟ್ಟಿಲ ಕೆಳಗಿನ ಗೋಡೆಗೆ ಹೂಡಿದ. ಕಾಕಾಸಾಹೇಬ ಪ್ರತಿ ರವಿವಾರವೂ ಬರುತ್ತಿದ್ದ. ತಂಬಾಕಿನ ವಖಾರಿಯಲ್ಲಿ ಕಾರಕೂನಕಿ ಮಾಡಿದವನು, ಉಳಿ ಹಿಡಿದರೆ ತನ್ನ ಬೆರಳನ್ನೇ ಕೆತ್ತಿಕೊಳ್ಳುವಷ್ಟು ಕುಶಲಿ. ಅದಕ್ಕೇ ಅವನ ಪಾಲಿಗೆ ಮೊಳೆಯ ಪೊಟ್ಟಣ ಹಿಡಿಯುವ ಕೆಲಸ ಬಂತು. ಹಿಡಿದು, ಸಲಹೆ ಕೊಟ್ಟು, ಚಹಾ ಕುಡಿದು ಹೋಗುತ್ತಿದ್ದ.

ಮೇಜಾಯಿತು. ಇನ್ನು ಕಾಗದ ಎಲ್ಲಿಡುವುದು? ಕಪಾಟಿಗೆ ಜಾಗವಿಲ್ಲ. ಭೂಪಾಲ ತಲೆ ಎತ್ತಿ ಮೆಟ್ಟಿಲುಗಳ ಕೆಳಹೊಟ್ಟೆ ನೋಡಿದ. ಒಂದೊಂದು ಮೆಟ್ಟಿಲಿನ ಅಡಿಗೆ ಒಂದೊಂದು ಹಲಗೆ ಕೊಟ್ಟು ಒಂದೊಂದು ತಾಲೂಕನ್ನು ಇಟ್ಟುಬಿಟ್ಟ: ಚಿಕ್ಕೋಡಿ, ರಾಯಬಾಗ, ಅಥಣಿ. ಸರ್ಕಾರ ನಿಪ್ಪಾಣಿಯನ್ನೂ ಕಾಗವಾಡವನ್ನೂ ಬೇರೆ ತಾಲೂಕು ಮಾಡಿದಾಗ ಕೆಳಗಿನ ಎರಡು ಮೆಟ್ಟಿಲಿನಲ್ಲಿದ್ದ ಚಪ್ಪಲಿ ಮತ್ತು ಉಳ್ಳಾಗಡ್ಡಿಯನ್ನು ಹೊರಹಾಕಿ ಅವಕ್ಕೂ ಜಾಗ ಕೊಟ್ಟ. ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು. ಮಾಳಿಗೆಗೆ ಯಾರಾದರೂ ಹತ್ತಿದ ಸದ್ದಾದರೆ ಕಮಲಾಬಾಯಿಗೆ ಕೂಗುತ್ತಿದ್ದ, "ಯಾರೋ ರಾಯಬಾಗ ದಾಟಿ ಅಥಣಿಗೆ ಹೊಂಟಾರ, ನೋಡು."

*

"ಮೊದಲು ಈ ಕಾಗದಾರ ತಗದು ಹಗರ ಮಾಡೂಣು," ಎಂದು ಜಿನೇಂದ್ರ ಮೆಟ್ಟಿಲಿನ ಕೆಳಗಿನ ಕಟ್ಟುಗಳನ್ನು ಎಳೆದು ನೆಲದ ಮೇಲೆ ಒಟ್ಟತೊಡಗಿದ.

"ಏ ಏ! ಅಥಣಿ ಹುಡಿಗ್ಯಾರನ್ನ ಚಿಕ್ಕೋಡಿ ಹುಡುಗರ ಮ್ಯಾಲೆ ಒಗೀತಿ ಅಲ್ಲೋ!"

"ಈಗ ಎಲ್ಲಾ ವಾಟ್ಸಾಪಿನ್ಯಾಗ ಆಗತೈತಿ ಕಾಕಾ. ಈ ಹುಡಿಗ್ಯಾರಿಗೆ ಮೊಮ್ಮಕ್ಕಳು ಆಗಿರಬೇಕು."

"ಆಗಲಿ. ಭೂಪಾಲ ಒಂದೂ ಹರದು ಒಗದಿಲ್ಲ. ಕಣ್ಣು ಮುಚಗೊಂಡು ಕೈ ಚಾಚಿದ್ರ ಐಗಳಿ ಹುಡುಗನ ಫೋಟೋ ಕೈಗೆ ಬರತಿತ್ತು. ಆ ಶಿಸ್ತು ಕಲಿಸಿದಾಂವ ನಾ! ನಾ ಇಲ್ಲಂದಿದ್ರ ಈ ಆಫೀಸ ಒಂದು ದಿನ ನಿಲ್ಲತಿದ್ದಿಲ್ಲ."

ಹಾಜಿಮಲಂಗ ನೆಲಕ್ಕೆ ಕೂತು ಬೀಡಿಯನ್ನು ಹಚ್ಚದೆ ಕೈಯಲ್ಲೇ ಹೊರಳಿಸುತ್ತ, "ಹಂಗಾದ್ರ ಹೇಳ್ರಿ ಕಾಕಾ, ಈ ಕಟಗಿ ಯಾವುದು?" ಎಂದ.

"ಸಾಗವಾನಿ. ದಾಂಡೇಲಿ ಅಡಿವ್ಯಾಗ ನಾನss ಆರಿಸಿದ್ದು."

"ಬೇವಿನದು ಐತಿ."

"ದಾಂಡೇಲಿ ಬೇವು ಸಾಗವಾನಿಗಿಂತ ಗಟ್ಟಿ ಇರತೈತಿ, ನಿನಗ ಗೊತ್ತಿಲ್ಲ."

ಬಾಗಿಲ ಬಳಿಯಿದ್ದವರು ಯಾರೋ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಕಾಕಾಸಾಹೇಬನಿಗೆ ಬೆವರೊಡೆಯಿತು. ಬಿಸಿಲು ಮೇಜಿನಿಂದ ಇಳಿದು ಗೋಡೆ ಹತ್ತಿತ್ತು.

"ಬಿಡ್ರಿ ಕಾಕಾ," ಜಿನೇಂದ್ರನ ದನಿ ಮೆತ್ತಗಾಯಿತು. "ಇನ್ನ ಈ ಮೇಜು ಯಾರಿಗೆ ಬೇಕು? ಕೊಯ್ಯೂಣು. ನೀವು ಮನಿಗೆ ಹೋಗಿ ಒಂದು ತಾಸು ಅಡ್ಡಾಗಿ ಬರ್ರಿ."

"ಹೋಗತೇನಿ, ಹೋಗತೇನಿ. ಮನ್ಯಾಗ ನನ್ನ ಖೋಲಿ ಎಷ್ಟು ದೊಡ್ಡದೈತಿ ನೋಡೀಯೇನು? ಕಬಡ್ಡಿ ಆಡಬಹುದು." ಅಂದವನು ಮೇಜಿನ ಅಂಚನ್ನು ಎರಡೂ ಕೈಯಿಂದ ಇನ್ನಷ್ಟು ಬಿಗಿಯಾಗಿ ಹಿಡಿದ.

*

ಮೊದಮೊದಲು ಕಾಕಾಸಾಹೇಬ "ನಾವು ಮಾಡಿದ ಮೇಜು" ಎನ್ನುತ್ತಿದ್ದ. ಒಂದೆರಡು ವರ್ಷದಲ್ಲಿ "ನಾವು" ಹೋಗಿ "ನಾನು" ಉಳಿಯಿತು. ಒಮ್ಮೆ ಕೊಕಟನೂರಿನಿಂದ ಮಗಳಿಗೆ ಗಂಡು ಹುಡುಕಿಕೊಂಡು ಬಂದವರೊಬ್ಬರು ಮೇಜಿನ ಕೆಲಸ ನೋಡಿ, ಯಾರು ಮಾಡಿದ್ದೆಂದು ಕೇಳಿದರು. ಕಾಕಾಸಾಹೇಬ ಅವರಿಗೆ ಆನೆಯ ಕತೆ ಶುರುಮಾಡಿದ. ಆನೆ ಸೊಂಡಿಲೆತ್ತಿ ಸಲಾಮು ಹೊಡೆಯುವ ಹೊತ್ತಿಗೆ ಅವನಿಗೆ ನೆನಪಾಯಿತು, ಎದುರಿಗೆ ಭೂಪಾಲ ಕೂತಿದ್ದಾನೆ. ನಾಲಿಗೆ ತಡವರಿಸಿತು.

ಬಂದವರು ಭೂಪಾಲನ ಕಡೆ ತಿರುಗಿ, "ಖರೇನರೀ?" ಎಂದರು.

ಭೂಪಾಲ ಕನ್ನಡಕ ತೆಗೆದು ಒರೆಸಿದ. "ಖರೇ ಐತ್ರಿ," ಎಂದ. "ಆನಿ ನಾ ನೋಡಲಿಲ್ಲ, ಅವತ್ತು ಊರಾಗ ಇದ್ದಿಲ್ಲ. ಮೇಜು ಮಾತ್ರ ಅವರss ಮಾಡಿದ್ದು."

ಅವತ್ತು ಕಾಕಾಸಾಹೇಬ ಹೊತ್ತು ಮುಳುಗುವವರೆಗೂ ಏಳದೆ ಮಾತಾಡಿದ್ದ. ಕಮಲಾಬಾಯಿ ಎರಡು ಸಲ ಬಾಗಿಲಿಗೆ ಬಂದು ಹೊರಗಿನ ಬೆಳಕು ನೋಡಿ ಒಳಗೆ ಹೋಗಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ.

*

ಓಣಿಯ ತುದಿಯಲ್ಲಿ ರಿಕ್ಷಾ ನಿಂತ ಸದ್ದಾಯಿತು. ಮೇಘಾ ಬಂದಳು. ಅಡ್ಡಾಗಿ ಮೇಜನ್ನು ದಾಟುವಾಗ ಅವಳ ಸೆರಗು ಮೂಲೆಗೆ ಸಿಕ್ಕಿತು, ಕಾಕಾಸಾಹೇಬ ಬಿಡಿಸಿಕೊಟ್ಟ. ಒಳಗಿನಿಂದ ಎದೆ ಬಿರಿಯುವ ಅಳು ಎದ್ದು, ಇಳಿದು, ನಿಧಾನವಾಗಿ ಣಮೋಕಾರ ಮಂತ್ರ ಶುರುವಾಯಿತು.

ಜಿನೇಂದ್ರ ಹೊರಗೆ ಇಣುಕಿದ. ಎದುರು ಮನೆಯ ಹಂಚಿನ ತುದಿಯಲ್ಲಷ್ಟೇ ಬಿಸಿಲಿತ್ತು. "ಸಾಕು. ಮಿಸ್ತ್ರಿ, ಕೊಯ್ಯಿ. ಕಾಕಾ, ಕೈ ತಗೀರಿ. ದೊಡ್ಡವರು ಅಂತ ಸುಮ್ಮನಿದ್ದೇನಿ."

ಗರಗಸ ಮತ್ತೆ ಕಿರ್ರೆಂದಿತು.

"ಏನದು?" ಒಳಬಾಗಿಲಲ್ಲಿ ಕಮಲಾಬಾಯಿ ನಿಂತಿದ್ದಳು. ನೆಲದ ಮೇಲೆ ಕಲಸಿ ಬಿದ್ದ ತಾಲೂಕುಗಳನ್ನೂ, ಗರಗಸವನ್ನೂ, ಮೇಜನ್ನು ತಬ್ಬಿಕೊಂಡಂತೆ ಕೂತ ಮುದುಕನನ್ನೂ ನೋಡಿದಳು. ಎಲ್ಲವೂ ಅವಳಿಗೆ ತಿಳಿಯಲು ತಡವಾಗಲಿಲ್ಲ.

"ಕಾಕಾಸಾಹೇಬರ, ಒಂದಿಷ್ಟು ಏಳ್ರಿ."

"ವೈನಿ, ನಾ ಎದ್ದರ ಇವರು ಕೊಯ್ದು ಹಾಕತಾರ."

"ಯಾರೂ ಕೊಯ್ಯೂದಿಲ್ಲ. ಏಳ್ರಿ."

ಅವನು ಎದ್ದ. ಮೊಣಕಾಲು ಮರಗಟ್ಟಿದ್ದವು, ಮಿಸ್ತ್ರಿಯ ಭುಜ ಹಿಡಿದು ನಿಂತ. ಅವನ ಭಾರ ತಪ್ಪಿದ್ದೇ ಹಲಗೆ ಟಕ್ಕೆಂದು ತಾನಾಗಿ ಮೇಲೆದ್ದಿತು. ಕಮಲಾಬಾಯಿ ಮೇಜಿನ ಅಂಚಿಗೆ ಎರಡು ಬೆರಳು ಕೊಟ್ಟು ಎತ್ತಿದಳು. ಮೇಜು ಕಾಲು ಮಡಚಿಕೊಂಡು, ಹಲಗೆಯನ್ನು ಎದೆಗೆ ಒತ್ತಿಕೊಂಡು, ಸದ್ದಿಲ್ಲದೆ ಗೋಡೆಗೆ ಒರಗಿತು. ಪಡಸಾಲೆ ಒಮ್ಮೆಲೇ ಪಡಸಾಲೆಯಾಯಿತು.

"ಯಾ ಅಲ್ಲಾ!" ಹಾಜಿಮಲಂಗ ಬಗ್ಗಿ ನೋಡಿದ. "ಕುಂತ್ರ ಕೀಲು ಬಿಗಿ, ಎದ್ರ ಸಡಿಲ. ಗಿರಾಕಿ ಕುಂತಾಗ ಮಡಚಿ ಬೀಳಬಾರದು ಅಂತ ಮಾಡಿದ್ದೈತಿ. ಕಾಕಾ, ಮುಂಜಾನಿಂದ ಅದರ ಮ್ಯಾಲೆ ನೀವss ಕುಂತೀರಿ!"

"ಮಾಡಿದಾಂವಗ ಗೊತ್ತಿದ್ದಿಲ್ಲೇನು?" ಎಂದ ಜಿನೇಂದ್ರ.

ಎಲ್ಲರೂ ಮುದುಕನನ್ನೇ ನೋಡುತ್ತಿದ್ದರು. ಕಾಕಾಸಾಹೇಬ ಬಾಯಿ ತೆರೆದ. ನಾಲಿಗೆಯ ತುದಿಗೆ ಒಂದು ಆನೆ ಬಂದು ನಿಂತಿತ್ತು, ಹಿಂದೆ ಒಂದು ಒಂಟೆಯೂ ಇತ್ತು. ಆದರೆ ಮೇಜು ಮಡಚಿದ್ದರಿಂದ ಈಗ ಒಳಮನೆ ನೇರ ಕಾಣುತ್ತಿತ್ತು. ಬಿಳಿ ಬಟ್ಟೆಯಿಂದ ಹೊರಗೆ ಚಾಚಿದ ಭೂಪಾಲನ ಪಾದಗಳು ಕಾಣುತ್ತಿದ್ದವು.

"ನಾ ಮಾಡಿಲ್ಲ," ಎಂದ. "ಮೊಳಿ ಪೊಟ್ಟಣಾ ಹಿಡದು ನಿಂತಿದ್ದೆ. ಅಷ್ಟss."

ಮಿಸ್ತ್ರಿ ಗರಗಸ ಕೆಳಗಿಟ್ಟ.

"ಇದು ಮಡಚಿದ್ದು ನಾ ನೋಡೇ ಇಲ್ಲ ವೈನಿ. ಇಪ್ಪತ್ತು ವರ್ಷ. ಒಂದು ದಿನಾನೂ ಏಳು ಅನ್ನಲಿಲ್ಲ ಅಂವಾ."

"ನೀವು ಎದ್ದ ಮ್ಯಾಲೆ ಇದನ್ನ ಮಡಚಿ ಇಲ್ಲೇ ಎರಡು ತಾಟು ಹಚ್ಚತಿದ್ದೆ," ಎಂದಳು ಕಮಲಾಬಾಯಿ. ದನಿಯಲ್ಲಿ ದೂರಿರಲಿಲ್ಲ, ದಣಿವಿತ್ತು. "ಅಡಗಿಮನ್ಯಾಗ ಇಬ್ಬರಿಗೆ ಜಾಗಾ ಆಗೂದಿಲ್ಲ. ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣೂದಿಲ್ಲ, ನೀವು ಮಾತಿಗೆ ಬಿದ್ದು ಹೊತ್ತು ಮುಳುಗಿದ ದಿನ ಹಂಗss ಮಕ್ಕೋತಿದ್ವಿ. ಏಳ್ರಿ ಅನ್ನತೇನಿ ಅಂದ್ರ, ಬ್ಯಾಡ ಅಂತಿದ್ರು. ಅಂವಗ ತನ್ನ ಮನ್ಯಾಗ ಕುಂದ್ರಾಕ ಜಾಗಾ ಇಲ್ಲ, ಕುಂದ್ರಲಿ ಬಿಡು ಅಂತಿದ್ರು."

ಕಾಕಾಸಾಹೇಬ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಇಲ್ಲರಿ," ಎಂದ. "ಕಬಡ್ಡಿ ಖೋಲಿ ಇಲ್ಲ. ಮಕ್ಕಳು, ಸೊಸೆಂದ್ರು, ಮೊಮ್ಮಕ್ಕಳು. ಹಗಲಿಗೆ ಹಾಸಿಗಿ ಸುತ್ತಿದ್ರ ನನ್ನನ್ನೂ ಸುತ್ತಿ ಇಟ್ಟಂಗ ಆಗತೈತಿ. ಅಂಗಳದಾಗ ಬೈಕಿನ ಮಗ್ಗಲಕ ನಿಂದರತೇನಿ."

ಜಿನೇಂದ್ರ ನೆಲದ ಮೇಲಿನ ಕಟ್ಟುಗಳನ್ನು ಗೋಡೆಯ ಕಡೆ ಸರಿಸಿದ, ಒದೆಯಲಿಲ್ಲ, ಕೈಯಿಂದ. ಚಟ್ಟ ಒಳಗೆ ಹೋಯಿತು, ಭೂಪಾಲನನ್ನು ಹೊತ್ತುಕೊಂಡು ಹೊರಗೆ ಬಂತು. ಎಲ್ಲಿಯೂ ತಾಗಲಿಲ್ಲ, ಎರಡೂ ಕಡೆ ಒಂದೊಂದು ಗೇಣು ಜಾಗ ಉಳಿಯಿತು.

"ಕಾಕಾ, ಹೆಗಲು ಕೊಡ್ರಿ," ಎಂದು ಜಿನೇಂದ್ರ ಬಾಗಿಲಿನಿಂದ ಕರೆದ.

"ಬಂದೆ."

ಗೋಡೆಗೆ ಒರಗಿದ ಮೇಜಿನ ಕೆಳಮೈಯೆಲ್ಲ ಧೂಳು ಹಿಡಿದು ಕಪ್ಪಾಗಿತ್ತು. ನಡುವಿನ ಹಲಗೆಯೊಂದೇ, ಕೂರುವ ಮೈಯನ್ನು ಹೊರಗೆ ಮಾಡಿಕೊಂಡು, ತಿಕ್ಕಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ನಡುವೆ ಒಬ್ಬನೇ ಮನುಷ್ಯ ಕೂತ ತಗ್ಗು. ಕಾಕಾಸಾಹೇಬ ಹೋಗುತ್ತ ಅದರ ಮೇಲೆ ಅಂಗೈ ಇಟ್ಟ. ಹಲಗೆ ಇನ್ನೂ ಬೆಚ್ಚಗಿತ್ತು.