ವಾರ್ಡಿನ ವಂಶವೃಕ್ಷ

ನವಜಾತ ಶಿಶುಗಳ ವಾರ್ಡಿನಲ್ಲಿ ನಾಲ್ಕು ಕೂಸುಗಳಿಗೆ ಒಂದೇ ಸೋಂಕು ತಗುಲಿದಾಗ ಎಲ್ಲರ ಕಣ್ಣು ಹಿರಿಯ ನರ್ಸಿನ ಮೇಲೆ ಬಿತ್ತು. ಅವಳ ಕೈಯಿಂದ ತೆಗೆದ ಮಾದರಿಯಲ್ಲೂ ಅದೇ ಬ್ಯಾಕ್ಟೀರಿಯಾ ಇತ್ತು. ಅವಳನ್ನು ಮನೆಗೆ ಕಳಿಸಿದರು. ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳ ತಂಗಿ, ಡಿಎನ್‌ಎ ಅಕ್ಷರಗಳನ್ನು ಹೋಲಿಸಿ ರೋಗಾಣುಗಳ ವಂಶವೃಕ್ಷ ಕಟ್ಟುವುದನ್ನು ಆಗಷ್ಟೇ ಕಲಿಯುತ್ತಿದ್ದಳು.

"ನಿಮ್ಮಕ್ಕನ ವಿಷಯ ಇದು. ನೀನು ಮಾಡೋದು ಬೇಡ," ಎಂದರು ಕಲಿಸುತ್ತಿದ್ದ ಮೇಡಂ.

"ಯಾರದು ಅಂತ ಹೇಳದೆ ಕೊಡಿ ಮೇಡಂ. ನೀವೂ ಬೇರೆಯಾಗಿ ಮಾಡಿ ನೋಡಿ. ಸುಮ್ಮನೆ ಕೂತಿರೋಕೆ ಆಗ್ತಿಲ್ಲ."

ಕೂಸುಗಳದು, ಅಕ್ಕನದು, ವಾರ್ಡಿನ ಮೂಲೆಮೂಲೆಯಿಂದ ತೆಗೆದದ್ದು, ಎಲ್ಲ ಮಾದರಿಗಳಿಗೂ ಮೇಡಂ ಬರೀ ಸಂಖ್ಯೆ ಹಚ್ಚಿ ಕೊಟ್ಟರು. ತಂಗಿ ಅಕ್ಷರಗಳ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಕೂತಳು, ಎದ್ದಳು, ಕಿಟಕಿ ತೆರೆದಳು, ಮತ್ತೆ ಮುಚ್ಚಿದಳು. ಇದರಲ್ಲಿ ಅಕ್ಕ ಯಾವುದು? ಕೊನೆಗೂ ಪರದೆಯ ಮೇಲೆ ಮರ ಮೂಡಿತು. ಒಂದು ಮಾದರಿ ಎಲ್ಲಕ್ಕಿಂತ ಕೆಳಗೆ, ಬುಡದಲ್ಲಿ ಒಂಟಿಯಾಗಿ ನಿಂತಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು.

"ಎಲ್ಲಾ ಶುರುವಾಗಿದ್ದು ಇದರಿಂದಲೇ ಅಲ್ವಾ?"

ಮೇಡಂ ಬಗ್ಗಿ ನೋಡಿದರು. "ಬುಡ ಅದೇ ಅಂತ ಯಾರು ಹೇಳಿದ್ರು? ಕಂಪ್ಯೂಟರ್ ತನಗೆ ತೋಚಿದ ಕಡೆ ಬೇರು ಇಟ್ಟಿದೆ. ದೂರದ ನೆಂಟನೊಬ್ಬನ್ನ ತಂದು ಕೂರಿಸು. ಆಮೇಲೆ ಗೊತ್ತಾಗತ್ತೆ, ಈ ಮನೇಲಿ ಯಾರು ಹಿರಿಯರು, ಯಾರು ಕಿರಿಯರು ಅಂತ."

ದೂರದ ನೆಂಟನಾಗಿ ಬೇರೆ ಆಸ್ಪತ್ರೆಯ ಹಳೆಯದೊಂದು ಮಾದರಿಯನ್ನು ಸೇರಿಸಿ ಅವಳು ಮತ್ತೆ ಮರ ಕಟ್ಟಿದಳು. ಈಗ ಬುಡದಲ್ಲಿ ಕವಲೊಡೆದದ್ದು ಬೇರೆ ಎರಡು ಸಂಖ್ಯೆಗಳು. ಮೊದಲಿನದು ತುದಿಗೆ ಸರಿದು, ಇನ್ನೊಂದರ ಪಕ್ಕ ಕೂತಿತ್ತು. ಮೇಡಂ ಕಟ್ಟಿದ ಮರವೂ ಹಾಗೇ ಬಂದಿತ್ತು. ಸಂಖ್ಯೆಗಳ ಗುಟ್ಟು ಬಿಚ್ಚಿದಾಗ, ಬುಡದ ಎರಡು ಮಾದರಿಗಳೂ ವಾರ್ಡಿನ ಸಿಂಕಿನ ಕೊಳವೆಯವು ಎಂದು ತಿಳಿಯಿತು. ತುದಿಯದು ಅಕ್ಕನದು, ಪಕ್ಕದ್ದು ಕೊನೆಗೆ ಕಾಯಿಲೆ ಬಿದ್ದ ಕೂಸಿನದು.

"ಶುರುವಾಗಿದ್ದು ಸಿಂಕಿಂದ. ಆದ್ರೆ ಈ ಕೂಸಿಂದ ನಿಮ್ಮಕ್ಕನಿಗೆ ಬಂತೋ, ಅಕ್ಕನಿಂದ ಕೂಸಿಗೆ ಹೋಯ್ತೋ, ಮರ ಹೇಳಲ್ಲ," ಎಂದರು ಮೇಡಂ. "ಅದನ್ನೂ ಬರಿ."

ಅವಳು ಅದನ್ನೂ ವರದಿಯಲ್ಲಿ ಬರೆದಳು.

ಸಿಂಕನ್ನು ಕಿತ್ತು ಹಾಕಿದರು, ಅಕ್ಕನಿಗೆ ವಾಪಸ್ ಬರಲು ಹೇಳಿದರು. ಸುದ್ದಿ ತಂದ ತಂಗಿ ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ.

"ಆ ಒಂದು ಕೂಸಿಗೆ ನನ್ನಿಂದ ಹೋಗಿರಬಹುದಾ?"

"ಹೋಗಿರಬಹುದು ಅಕ್ಕಾ. ಇಲ್ಲದೇನೂ ಇರಬಹುದು."

"ಈಗ ಹೇಗಿದೆ ಅದು?"

"ಜ್ವರ ಇಳಿದಿದೆ. ಹಾಲು ಕುಡೀತಿದೆಯಂತೆ."

ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು. "ನಡಿ, ನೋಡ್ಕೊಂಡು ಬರೋಣ," ಎಂದು ತಂಗಿಗೂ ಕಾಯದೆ ಮೆಟ್ಟಿಲಿಳಿದಳು.