ಎಂಜಿನ್ನಿಗೆ ಹೊಲಿದ ಅಂಗಿ

ಆ ಬೆಳಿಗ್ಗೆ ಗಾಳಿ ಯಾವುದೋ ಬೇರೆ ಊರಿಗೆ ಕೆಲಸಕ್ಕೆ ಹೋದಂತಿತ್ತು. ಬೀದಿಯ ಮರದಲ್ಲಿ ಒಂದೆಲೆ ಅಲುಗುತ್ತಿರಲಿಲ್ಲ. ಬೇಕರಿಯ ಕೊಳವೆಯಿಂದ ಎದ್ದ ಹೊಗೆ ಸೂಜಿಗೆ ಪೋಣಿಸಲು ನೀವಿ ಹಿಡಿದ ದಾರದ ಹಾಗೆ ನೆಟ್ಟಗೆ ನಿಂತಿತ್ತು. ದೇವರು ಬೆಲೆ ಕಟ್ಟದೆ ಕೊಟ್ಟದ್ದು ಗಾಳಿ. ಅದಕ್ಕೇ ಇದ್ದಾಗ ಯಾರೂ ಅದನ್ನು ನೆನೆಯುವುದಿಲ್ಲ, ಇಲ್ಲದಾಗ ಎಲ್ಲರೂ ಆಕಾಶ ನೋಡುತ್ತಾರೆ.

ಟೇಪಣ್ಣ ಮಾತ್ರ ಆಕಾಶ ನೋಡಲಿಲ್ಲ. ಅವನು ಬಾಗಿಲ ಮುಂದೆ ನಿಲ್ಲಿಸಿದ್ದ ತನ್ನ ಮೋಟಾರ್ ಸೈಕಲ್ಲನ್ನು ನೋಡುತ್ತಿದ್ದ.

ಹೊಲಿಗೆ ಅವನ ಕಸುಬು. ನಿದ್ದೆಯಲ್ಲೂ ಕೊರಳಿನಿಂದ ಅಳತೆಯ ಟೇಪು ಇಳಿಸದವನೆಂದು ಬೀದಿಯವರು ಆ ಹೆಸರು ಇಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಅವನು ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಸಮುದ್ರವೇನು ಚಂದ್ರಲೋಕದಲ್ಲಿರಲಿಲ್ಲ, ಗುಡ್ಡದಾಚೆ, ಅರ್ಧ ದಿನದ ಹಾದಿ. ಆದರೆ ಇವತ್ತು ಒಬ್ಬರ ಕೋಟು, ನಾಳೆ ಶಾಲೆಯ ಸಮವಸ್ತ್ರ, ನಾಡಿದ್ದು ಇನ್ನಾರದೋ ಮದುವೆಯ ಬಟ್ಟೆ ಎನ್ನುತ್ತ ಮೂವತ್ತೊಂದು ವರ್ಷ ಕಳೆದಿತ್ತು. "ನಮ್ಮನೆಯವರ ಮಾತು ಮಡಿಚಿಟ್ಟ ಬಟ್ಟೆ ಇದ್ದ ಹಾಗೆ. ಹೊರಗೆ ತೆಗೆಯೋ ಹೊತ್ತಿಗೆ ಹುಳ ತಿಂದಿರುತ್ತೆ" ಎಂದು ಅವಳು ಗುಂಡಿ ಹಾಕುತ್ತ ಗಿರಾಕಿಗಳ ಮುಂದೆ ಹೇಳುವುದಿತ್ತು. ಹೇಳುವಾಗ ನಗುತ್ತಿದ್ದಳು. ಆ ನಗುವೇ ಟೇಪಣ್ಣನಿಗೆ ಸೂಜಿಯಂತೆ ಚುಚ್ಚುತ್ತಿತ್ತು.

ಕೊನೆಗೆ ಅವನು ದೂರದ ಪ್ರಯಾಣಕ್ಕೆಂದೇ ಮಾಡಿದ ಒಂದು ಹಳೆಯ ಗಾಡಿ ಕೊಂಡ. ಅಗಲವಾದ ಸೀಟು, ಎರಡು ಪಕ್ಕಕ್ಕೆ ಎರಡು ಪೆಟ್ಟಿಗೆ, ನಡುವೆ ಕುಸ್ತಿಪಟುವಿನ ಎದೆಯಂಥ ಎಂಜಿನ್. ನೀರಿನ ತೊಟ್ಟಿಯಿಲ್ಲ, ಫ್ಯಾನಿಲ್ಲ. ಬೀಸುವ ಗಾಳಿಯಲ್ಲೇ ಅದು ತಣ್ಣಗಾಗಬೇಕು.

ಮೊದಲ ಸವಾರಿಯಲ್ಲಿ ಅವನು ಹೆಂಡತಿಯನ್ನು ಕೂರಿಸಿಕೊಂಡು ಪೇಟೆ ಬೀದಿಗೆ ಹೋದ. ದಿಬ್ಬಣದ ಕುದುರೆಯ ಹಾಗೆ ಒಂದೊಂದೇ ಹೆಜ್ಜೆ. ಪಾತ್ರೆ ಅಂಗಡಿಯ ಮುಂದೆ ನಿಂತ, ಕ್ಷೌರದಂಗಡಿಯ ಮುಂದೆ ನಿಂತ, ಕೇಳಿದವರಿಗೂ ಕೇಳದವರಿಗೂ ಗಾಡಿಯ ಗುಣಗಾನ ಮಾಡಿದ. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಹೆಂಡತಿಯ ಬಲಗಾಲಿನ ಮೀನಖಂಡ ಕೆಂಪಾಗಿತ್ತು.

"ನನ್ನ ಕಾಲೇನು ಸುಡೋಕೆ ಇಟ್ಟ ಬದನೆಕಾಯಿ ಅಂದ್ಕೊಂಡ್ರಾ?" ಎಂದು ಅವಳು ಇಳಿದೇಬಿಟ್ಟಳು.

"ಹೊಸದರಲ್ಲಿ ಸ್ವಲ್ಪ ಬಿಸಿ ಇರುತ್ತೆ ಕಣೇ."

"ಹೊಸದೆಲ್ಲಿ ಬಂತು, ಇದಕ್ಕೆ ನನಗಿಂತ ವಯಸ್ಸಾಗಿದೆ. ನೋಡಿ, ಇನ್ನೊಂದೇ ಒಂದ್ಸಲ ಈ ಒಲೆ ಮೇಲೆ ಕೂರ್ತೀನಿ. ಕಾಲು ಸುಟ್ಟರೆ ಅಲ್ಲೇ ಇಳಿದು ನಡ್ಕೊಂಡು ಮನೆಗೆ ಬರ್ತೀನಿ. ಆಮೇಲೆ ಸಮುದ್ರದ ಸುದ್ದಿ ಈ ಮನೇಲಿ ಯಾರೂ ಎತ್ತಬಾರದು."

ಅವಳು ಅಂದರೆ ಅಂದಳೇ. ಟೇಪಣ್ಣನಿಗೆ ಉಳಿದದ್ದು ಒಂದೇ ಒಂದು ಅವಕಾಶ.

ಮರುದಿನ ಅವನು ಮೆಕ್ಯಾನಿಕ್ ಹತ್ತಿರ ಓಡಿದ. ಮೆಕ್ಯಾನಿಕ್ ಗಾಡಿ ಓಡಿಸಿ ನೋಡಿದ, ಹಳೆಯ ಎಣ್ಣೆ ಇಳಿಸಿ ಹೊಸದು ಹಾಕಿದ, ಪೆಟ್ರೋಲು ಸಾಲದೆ ಎಂಜಿನ್ ಹೆಚ್ಚು ಕಾಯುತ್ತಿದ್ದುದನ್ನು ಸರಿಮಾಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಟೇಪಣ್ಣ, ಇನ್ನು ಗಾಡಿಯದು ಏನೂ ತಪ್ಪಿಲ್ಲ. ನೀವು ಇದನ್ನ ಓಡಿಸ್ತಿಲ್ಲ, ಮೆರೆಸ್ತಿದ್ದೀರ. ಗಾಳಿ ಕುಡಿದು ಬದುಕೋ ಎಂಜಿನ್ ಇದು. ನಿಂತಲ್ಲೇ ಗುರುಗುಟ್ಟಿಸಿದ್ರೆ ಕಾವು ಎಲ್ಲಿಗೆ ಹೋಗ್ಬೇಕು? ನಿಮ್ಮ ಮನೆಯವರ ಕಾಲಿಗೇ ಬಡಿಯುತ್ತೆ" ಎಂದ.

ಅವನು ಇಷ್ಟು ಹೇಳುವಾಗ ಟೇಪಣ್ಣನ ಕಣ್ಣು ಅವನ ಹೆಗಲ ಮೇಲಿತ್ತು. ಎಡ ಹೆಗಲು ಬಲಕ್ಕಿಂತ ಅರ್ಧ ಬೆರಳು ತಗ್ಗು. ಇವನಿಗೆ ಕೋಟು ಹೊಲಿದರೆ ಒಳಗೆ ಮೆತ್ತೆ ಇಡಬೇಕು ಎಂದು ಲೆಕ್ಕ ಹಾಕುತ್ತಿದ್ದ. ಹೀಗಾಗಿ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ: ಕಾವು ಕಾಲಿಗೆ ಬಡಿಯುತ್ತದೆ. ಬಡಿಯುವುದನ್ನು ತಡೆದರಾಯಿತಲ್ಲ! ಜ್ವರ ಬಂದವನಿಗೆ ವೈದ್ಯ ಮದ್ದು ಕೊಡುತ್ತಾನೆ, ದರ್ಜಿ ಅಂಗಿ ಹೊಲಿಯುತ್ತಾನೆ.

ಎಂಜಿನ್ನಿಗೊಂದು ಅಂಗಿ ಎಂದರೆ ಸಾಮಾನ್ಯ ಬಟ್ಟೆಯೇ? ಬಿಸಿ ತಡೆಯುವ ಬಟ್ಟೆ ಆ ಅಂಗಡಿಯಲ್ಲಿ ಇದ್ದದ್ದು ಒಂದೇ. ಹೆಂಡತಿಯ ಇಸ್ತ್ರಿ ಮೇಜಿನ ಮೇಲಿನ ದಪ್ಪ ಉಣ್ಣೆ ಹಾಸು. ಗುಂಡಿ ಹಾಕಿ ಗಳಿಸಿದ ಮೊದಲ ದುಡಿಮೆಯಲ್ಲಿ ಅವಳು ಕೊಂಡದ್ದು. ಅರ್ಧ ಊರಿನ ಮದುವೆಯ ಅಂಗಿಗಳು ಅದರ ಮೇಲೆ ನೆಟ್ಟಗಾಗಿದ್ದವು. ಅವಳು ತರಕಾರಿಗೆ ಹೋದ ಹೊತ್ತು ನೋಡಿ ಟೇಪಣ್ಣ ಅದನ್ನು ಎರಡು ತುಂಡು ಮಾಡಿದ. ಅಳತೆಯಿಲ್ಲದೆ ಕತ್ತರಿ ಮುಟ್ಟಬಾರದೆಂದು ಊರಿಗೆಲ್ಲ ಹೇಳುವವನು, ಅವಳು ಬಂದುಬಿಟ್ಟಾಳೆಂಬ ಅವಸರದಲ್ಲಿ ಅಳೆಯುವುದನ್ನೇ ಮರೆತ. ಗುರುತು ಸಿಗದಿರಲೆಂದು ಮೇಲೆ ಕಪ್ಪು ಕ್ಯಾನ್ವಾಸು ಹೊಲಿದು, ಪಕ್ಕಕ್ಕೆ ಲಾಡಿಗಳನ್ನು ಇಟ್ಟ.

"ನನ್ನ ಹಾಸೆಲ್ಲಿ?" ಎಂದಳು ಅವಳು ಸಂಜೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಟೇಪಣ್ಣ ಕೊರಳ ಟೇಪು ಮುಟ್ಟಿಕೊಂಡ. "ಇಲಿ ಎಳ್ಕೊಂಡು ಹೋಗಿರ್ಬೇಕು."

"ಎರಡು ಗಜದ ಹಾಸನ್ನಾ? ಆ ಇಲಿ ಆಳುಗಳನ್ನ ಇಟ್ಕೊಂಡಿದೆಯಾ?"

ಅವಳು ವಾರವಿಡೀ ಹಳೆಯ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಇಸ್ತ್ರಿ ಮಾಡಿದಳು.

ಹೀಗೆ ಗಾಳಿಯಿಲ್ಲದ ಆ ಬೆಳಿಗ್ಗೆ ಅವರು ಹೊರಟರು. ಎಂಜಿನ್ನು ಕಪ್ಪು ಅಂಗಿ ತೊಟ್ಟು, ಎದೆಯ ಮೇಲೆ ಲಾಡಿ ಕಟ್ಟಿಕೊಂಡು, ನೆಂಟರ ಮನೆಗೆ ಹೊರಟ ಮುದುಕನಂತೆ ಕಾಣುತ್ತಿತ್ತು. ಹಳೆಯ ಚಾಳಿ ಬಿಡುವುದುಂಟೇ? ಟೇಪಣ್ಣ ಪೇಟೆ ಬೀದಿಯಲ್ಲಿ ಎರಡು ಸುತ್ತು ಬಂದ.

"ಕಾಲು ಹೇಗಿದೆ?"

"ತಣ್ಣಗಿದೆ," ಎಂದಳು ಹೆಂಡತಿ ಅಚ್ಚರಿಯಿಂದ. "ಪರವಾಗಿಲ್ಲ ರೀ, ನಿಮಗೂ ಬುದ್ಧಿ ಇದೆ."

ಆ ಒಂದು ಮಾತಿಗೆ ಟೇಪಣ್ಣ ಸೀಟಿನ ಮೇಲೆ ಎರಡಂಗುಲ ಎತ್ತರವಾದ.

ಗುಡ್ಡದ ಅರ್ಧ ಏರಿದ್ದರು. ಎಂಜಿನ್ನಿನಿಂದ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಬಂತು. ಆಮೇಲೆ ಗಾಡಿ ಏದುಸಿರು ಬಿಟ್ಟಿತು. ಆಮೇಲೆ, ಇನ್ನು ನನ್ನಿಂದಾಗದು ಎಂದು ನಿಂತೇಬಿಟ್ಟಿತು. ಲಾಡಿಗಳ ಸಂದಿನಿಂದ ಎಳೆಯಾಗಿ ಹೊಗೆ ಎದ್ದಿತು.

ಹೆಂಡತಿ ಇಳಿದು ಮೂಗು ಅರಳಿಸಿದಳು. ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆಯ ಮುಂದೆ ಪಳಗಿದ ಮೂಗು ಅದು.

"ಇದು ನನ್ನ ಇಸ್ತ್ರಿ ಮೇಜಿನ ವಾಸನೆ."

ಟೇಪಣ್ಣ ಗುಡ್ಡದ ತುದಿ ನೋಡಿದ.

"ನಿಮ್ಮನ್ನೇ ಕೇಳಿದ್ದು. ಆ ಇಲಿ ಇಲ್ಲೀತನಕ ಬಂದಿದೆಯಾ?"

ಅವನು ಲಾಡಿ ಬಿಚ್ಚಿದ. ಒಳಗೆ ಎಂಜಿನ್ನು ಕಾದ ಬಾಣಲೆಯ ಹಾಗೆ ಕಾವು ಉಗುಳುತ್ತಿತ್ತು. ಅವಳು ಬಗ್ಗಿ, ಕೈಯಳತೆ ದೂರದಿಂದ, ಅದರ ಲೋಹದ ಪದರಗಳನ್ನು ನೋಡಿದಳು. ಒಂದರ ಪಕ್ಕ ಒಂದು, ತೆಳ್ಳಗೆ, ಸಮನಾಗಿ.

"ಇದು ನೆರಿಗೆ ಅಲ್ವೇನ್ರೀ?"

"ಯಾವುದು?"

"ಈ ಪದರ ಪದರ. ಶಾಲೆ ಹುಡುಗೀರ ಲಂಗಕ್ಕೆ ನೀವು ಇಡೋದೂ ಹೀಗೇ ತಾನೆ? ಒಳಗೆ ಗಾಳಿ ಆಡ್ಲಿ ಅಂತ ನೆರಿಗೆ ಇಟ್ಟಿದ್ರೆ, ಅದರ ಮೇಲೆ ಕಂಬಳಿ ಹೊದಿಸಿದ್ದೀರಲ್ಲ. ನಿಮ್ಮನ್ನ ದರ್ಜಿ ಅಂತ ಯಾರಂದ್ರು?"

ಮೆಕ್ಯಾನಿಕ್ ಅಷ್ಟೆಲ್ಲ ಹೇಳಿದ್ದು ಈಗ ಒಂದೇ ಮಾತಿನಲ್ಲಿ ಟೇಪಣ್ಣನ ತಲೆಗೆ ಹೋಯಿತು. ಸಾವಿರ ಲಂಗಕ್ಕೆ ನೆರಿಗೆ ಹಿಡಿದ ಕೈ ತನ್ನದು; ಕಣ್ಣೆದುರಿನ ನೆರಿಗೆ ಕಾಣಲಿಲ್ಲ.

"ನಡ್ಕೊಂಡು ಹೋಗ್ತೀಯಾ?" ಎಂದು ಮೆಲ್ಲಗೆ ಕೇಳಿದ.

ಅವಳು ತನ್ನ ಕಾಲು ನೋಡಿಕೊಂಡಳು. "ಕಾಲು ಸುಟ್ಟಿಲ್ಲ. ಆಡಿದ ಮಾತು ಮಾತೇ. ತಣ್ಣಗಾಗ್ಲಿ, ಕಾಯ್ತೀನಿ. ಆದ್ರೆ ಇನ್ಮೇಲೆ ಈ ಅಂಗಿ ಇಲ್ಲ. ಬರೀ ಮೈಯಲ್ಲೇ ಬರ್ಲಿ ಅದು. ಸುಟ್ಟಿತೋ, ನಾನು ಇಳಿದೆ."

ರಸ್ತೆಯಂಚಿನ ಮರದ ಬುಡದಲ್ಲಿ ಅವಳು ಒರಗಿ ಕಣ್ಣು ಮುಚ್ಚಿದಳು. ಎಂಜಿನ್ನು ಟಿಕ್, ಟಿಕ್ ಎನ್ನುತ್ತ ಆರತೊಡಗಿತು. ಟೇಪಣ್ಣ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು, ಕಾಲರಿನ ಹಿಂದೆ ಸದಾ ಸಿಕ್ಕಿಸಿಕೊಂಡಿರುವ ಸೂಜಿ ಹೊರತೆಗೆದ. ಕ್ಯಾನ್ವಾಸಿನ ಹೊಲಿಗೆ ಬಿಚ್ಚಿದ. ಆ ಬಿಚ್ಚಿದ ದಾರವನ್ನೇ ಪೋಣಿಸಿಕೊಂಡು ಕೂತ.

ಒಂದು ಗಂಟೆ ಕಳೆದ ಮೇಲೆ ಅವಳು ಬಂದು ಪದರಗಳ ಹತ್ತಿರ ಅಂಗೈ ಹಿಡಿದು, ಇಸ್ತ್ರಿಪೆಟ್ಟಿಗೆಯ ಹದ ನೋಡುವಂತೆ ನೋಡಿದಳು. "ಸಾಕು, ಹತ್ತಿ."

ಗಾಡಿ ಒಂದೇ ಒದೆತಕ್ಕೆ ಎದ್ದಿತು. ಅಭ್ಯಾಸಬಲದಿಂದ ಟೇಪಣ್ಣ ದಿಬ್ಬಣದ ನಡೆಗೇ ಇಳಿದ. ಬೆನ್ನ ಹಿಂದಿನಿಂದ ಮಾತು ಬಂತು.

"ಇಲ್ಲಿ ಮೇಕೆ ಬಿಟ್ರೆ ನೋಡೋರು ಯಾರೂ ಇಲ್ಲ. ಸ್ವಲ್ಪ ಓಡಿಸಿ."

ಅವನು ಓಡಿಸಿದ. ಬೆಳಿಗ್ಗೆಯಿಂದ ಎಲ್ಲೂ ಸಿಗದ ಗಾಳಿ ಎಲ್ಲಿಂದಲೋ ಎದ್ದು ಬಂದು ಎದೆಗೆ ಬಡಿಯಿತು, ನೆರಿಗೆಗಳ ನಡುವೆ ಹೊಕ್ಕು ಕಾವನ್ನು ಎತ್ತಿಕೊಂಡು ಹಿಂದಕ್ಕೆ ಓಡಿತು. ಬೀಸದ ದಿನವೂ ದೇವರು ಗಾಳಿಯನ್ನು ದಾರಿಯಲ್ಲೇ ಹಾಸಿಟ್ಟಿರುತ್ತಾನೆ; ಹೋಗಿ ತೆಗೆದುಕೊಳ್ಳಬೇಕು ಅಷ್ಟೆ. ಟೇಪಣ್ಣ ಒಂದು ಮೈಲಿ ಕಾದ, ಎರಡು ಮೈಲಿ ಕಾದ. ಕಾಲಿನ ಸುದ್ದಿ ಬರಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಗುಡ್ಡ ದಾಟಿ ಉಪ್ಪಿನ ವಾಸನೆ ಬಂದಾಗ ಹೆಗಲ ಮೇಲೆ ಒಂದು ಕೈ ಬಂದು ಕೂತಿತು.

"ಅಷ್ಟೊಂದು ಜೋರು ಬೇಡ," ಎಂದಳು. "ಅದೇನು ಓಡಿಹೋಗಲ್ಲ."

ಸಮುದ್ರ ಓಡಿಹೋಗಿರಲಿಲ್ಲ. ಮೂವತ್ತೊಂದು ವರ್ಷ ಕಾದು ಬೇಸರವಾದಂತೆಯೂ ಕಾಣಲಿಲ್ಲ. ಅವಳು ದಡದಲ್ಲಿ ಚಪ್ಪಲಿ ಕಳಚಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ, "ಇಷ್ಟು ಬಟ್ಟೆಗೆ ಅಂಚು ಹೊಲಿದೋರು ಯಾರೋ" ಎಂದಳು.

ಕೂರಲು ಹೋದರೆ ಬಂಡೆ ಬಿಸಿಲಿಗೆ ಕಾದಿತ್ತು. ಅವಳು ತಟ್ಟನೆ ಎದ್ದಳು. ಟೇಪಣ್ಣ ಗಾಡಿಯ ಪೆಟ್ಟಿಗೆ ತೆರೆದ. ಒಳಗಿನಿಂದ ಮಡಿಚಿದ ಉಣ್ಣೆ ಹಾಸನ್ನು ತೆಗೆದ. ಎರಡು ತುಂಡು ಒಂದಾಗಿದ್ದವು. ನಡುವಿನ ಹೊಲಿಗೆ ಹತ್ತಿರ ಹಿಡಿದರೆ ಮಾತ್ರ ಕಾಣುವಂತಿತ್ತು. ಒಂದು ಮೂಲೆಯಲ್ಲಿ ಮಾತ್ರ ಕಂದು ಬಣ್ಣದ ಗೆರೆಗಳು, ನೆರಿಗೆ ಒತ್ತಿದ ಹಾಗೆ, ಸಾಲಾಗಿ ಉಳಿದಿದ್ದವು.

ಅವನು ಎರಡೂ ಕೈಯಲ್ಲಿ ಹಿಡಿದು, ಅದನ್ನು ಅವಳ ಕೈಗೆ ಕೊಟ್ಟ.